ರೋಬೋಟಿನ ಕಣ್ಣಿಗೊಂದು ಪಟ್ಟಿ

ಮನೆಯಲ್ಲಿ ಜೋಡಿಸಿದ ಪುಟ್ಟ ರೋಬೋಟು ತೆರೆದ ಬಾಗಿಲಿನ ಮುಂದೆ ಬಂದು, ದಾರಿ ಖಾಲಿಯಿದ್ದರೂ ಗಕ್ಕನೆ ಹಿಂದೆ ಸರಿಯುತ್ತದೆ. ಹೆಚ್ಚಿನವರು ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಾರೆ. ಆದರೆ ಅದು ಬೆದರಿದ್ದು ಪಕ್ಕದ ದಾರಂದವನ್ನು ಕಂಡು.

ಇಂಥ ರೋಬೋಟಿನಲ್ಲಿ ಎಲ್‌ಇಡಿಯೊಂದು ಸೆಕೆಂಡಿಗೆ 38,000 ಸಲ ಮಿನುಗುತ್ತ ಇನ್‌ಫ್ರಾರೆಡ್ ಬೆಳಕು ಚೆಲ್ಲುತ್ತದೆ. ಅಡ್ಡಿಗೆ ತಾಗಿ ಮರಳಿದ್ದನ್ನು ರಿಸೀವರ್ ಹಿಡಿಯುತ್ತದೆ. ಈ ರಿಸೀವರ್ ಹುಟ್ಟಿದ್ದು ಟಿವಿ ರಿಮೋಟಿಗಾಗಿ. ಸೋಫಾದ ಯಾವ ಮೂಲೆಯಲ್ಲಿ ಕೂತು ಗುಂಡಿ ಒತ್ತಿದರೂ ಟಿವಿಗೆ ತಿಳಿಯಬೇಕಲ್ಲ? ಟಿಎಸ್‌ಒಪಿ38238 ಎಂಬ ಮಾದರಿಯಲ್ಲಿ ಬೆಳಕು 45 ಡಿಗ್ರಿ ಓರೆಯಾಗಿ ಬಂದರೂ ಹಿಡಿಯುವ ದೂರ ಅರ್ಧಕ್ಕಿಳಿಯುತ್ತದೆ, ಅಷ್ಟೆ. ಟಿವಿಗೆ ವರವಾದದ್ದು ರೋಬೋಟಿಗೆ ಶಾಪ.

ಪರಿಹಾರ, ಜಟಕಾ ಕುದುರೆಗೆ ಕಟ್ಟುವ ಕಣ್ಣುಪಟ್ಟಿಯಂಥದ್ದೇ: ರಿಸೀವರಿನ ಮುಂದೊಂದು ಕೊಳವೆ. 5 ಮಿಲಿಮೀಟರ್ ಒಳವ್ಯಾಸದ ಕೊಳವೆ 20 ಮಿ.ಮೀ. ಉದ್ದವಿದ್ದರೆ ನೋಟ ಎರಡೂ ಬದಿಗೆ ಸುಮಾರು 14 ಡಿಗ್ರಿಗೆ ಕುಗ್ಗುತ್ತದೆ. 40 ಮಿ.ಮೀ. ಆದರೆ 7 ಡಿಗ್ರಿ. ಎಲ್‌ಇಡಿಗೂ ಒಂದು ತೊಡಿಸಿದರೆ ಇನ್ನೂ ಒಳ್ಳೆಯದು. ಎರಡರ ನೋಟ ಕೂಡುವ ಜಾಗವಷ್ಟೇ ರೋಬೋಟಿಗೆ ಕಾಣುತ್ತದೆ.

ಎಡವುವುದು ಕೊಳವೆಯ ಆಯ್ಕೆಯಲ್ಲಿ. ನಮ್ಮ ಕಣ್ಣಿಗೆ ಕಡುಕಪ್ಪಾಗಿ ಕಾಣುವ ಎಷ್ಟೋ ಪ್ಲಾಸ್ಟಿಕ್ಕುಗಳು ಇನ್‌ಫ್ರಾರೆಡ್‌ಗೆ ಗಾಜಿನಷ್ಟೇ ಪಾರದರ್ಶಕ. ಪರೀಕ್ಷೆ ಸುಲಭ: ಟಿವಿ ರಿಮೋಟಿನ ಮೂತಿಗೆ ಅದೇ ಪ್ಲಾಸ್ಟಿಕ್ಕನ್ನು ಪೂರ್ತಿ ಸುತ್ತಿ ಗುಂಡಿ ಒತ್ತಿ. ಚಾನೆಲ್ ಬದಲಾದರೆ ಅದು ಕೆಲಸಕ್ಕೆ ಬಾರದು. ಲೋಹ ಬೆಳಕನ್ನು ಖಂಡಿತ ತಡೆಯುತ್ತದೆ, ಆದರೆ ಹೊಳೆಯುವ ಒಳಮೈಗೆ ತಾಗಿ ಓರೆ ಬೆಳಕು ಜಾರುತ್ತ ಒಳಗೆ ಬಂದುಬಿಡುತ್ತದೆ. ಆದ್ದರಿಂದ ಒಳಗೆ ಹೊಳಪಿಲ್ಲದ, ಒರಟು ಕಪ್ಪು ಲೇಪ ಬೇಕು. ಎಲ್‌ಇಡಿಯ ಬುಡದಿಂದಲೂ ಬೆಳಕು ಸೋರುತ್ತದೆ. ರಿಸೀವರ್ ಪಕ್ಕದಲ್ಲೇ ಇರುವುದರಿಂದ ಆ ಸಂದನ್ನೂ ಮುಚ್ಚಬೇಕು. ಕೊಳವೆಯ ಬದಲು ಎಲ್‌ಇಡಿಗೆ ದೊಡ್ಡ ರೆಸಿಸ್ಟರ್ ಹಾಕಿದರೆ ಬೆಳಕಿನ ಹರವು ಬದಲಾಗದು, ದೂರ ಮಾತ್ರ ಕಡಿಮೆಯಾಗುತ್ತದೆ.

ಹಾಗೆಂದು ಕೊಳವೆಯನ್ನು ಉದ್ದ ಮಾಡುತ್ತ ಹೋದರೆ ಬದಿಯಲ್ಲಿರುವ ಕುರ್ಚಿಯ ಕಾಲು ಕಾಣದೆ ಚಕ್ರ ಸಿಕ್ಕಿಕೊಳ್ಳುತ್ತದೆ. ಅಳತೆ ರೋಬೋಟಿನ ಮೈಯಿಂದಲೇ ಹೊರಡಬೇಕು. 15 ಸೆಂಟಿಮೀಟರ್ ಅಗಲದ ರೋಬೋಟು ಅಡ್ಡಿಯಿಂದ 30 ಸೆಂ.ಮೀ. ದೂರದಲ್ಲಿ ನಿಲ್ಲಬೇಕೆನ್ನಿ. ಬದಿಗೆ 14 ಡಿಗ್ರಿಯ ನೋಟ ಅಷ್ಟು ದೂರದಲ್ಲಿ ಸರಿಯಾಗಿ 15 ಸೆಂ.ಮೀ. ಅಗಲವನ್ನು ಆವರಿಸುತ್ತದೆ. ಅದಕ್ಕೆ 20 ಮಿ.ಮೀ. ಕೊಳವೆ ಸಾಕು.