ನಿಮಗಿದು ಗೊತ್ತೇ? ಹನ್ನೊಂದು ಸಾವಿರ ಇಲಿಗಳ ಡ್ರಾಕುಲಾ

ಈ ಸಿನಿಮಾದ ಒಂದೇ ಒಂದು ಪ್ರತಿಯೂ ಉಳಿಯಬಾರದು ಎಂದು 1925ರಲ್ಲಿ ಜರ್ಮನಿಯ ಕೋರ್ಟು ತೀರ್ಪು ಕೊಟ್ಟಿತ್ತು. ಸಿನಿಮಾ ಉಳಿಯಿತು. ಅಷ್ಟೇ ಅಲ್ಲ, 1979ರಲ್ಲಿ ನಿರ್ದೇಶಕ ವರ್ನರ್ ಹರ್ಜೋಗ್ ಕೈಯಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಎದ್ದು ಬಂತು. ರಕ್ತ ಹೀರುವ ಪಿಶಾಚಿಯ ಕಥೆಗೆ ಇದಕ್ಕಿಂತ ಒಳ್ಳೆಯ ಜಾತಕ ಬೇಕೆ?

ಮೂಲ ಚಿತ್ರ 1922ರ ‘ನೊಸ್ಫೆರಾಟು’. ಎಫ್. ಡಬ್ಲ್ಯು. ಮುರ್ನಾವ್ ನಿರ್ದೇಶಿಸಿದ ಮೂಕಿ. ಕಥೆ ಬ್ರಾಂ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ ಕಾದಂಬರಿಯದೇ, ಆದರೆ ಹಕ್ಕು ಕೊಂಡಿರಲಿಲ್ಲ. ಡ್ರಾಕುಲಾ ಇದ್ದಕಡೆ ಓರ್ಲಾಕ್ ಎಂದು ಹೆಸರು ಬದಲಿಸಿದರೆ ಸಾಕು ಅಂದುಕೊಂಡರು. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಬಿಡಲಿಲ್ಲ, ಕೋರ್ಟಿಗೆ ಹೋಗಿ ಗೆದ್ದರು. ಅಷ್ಟರಲ್ಲಿ ಕೆಲವು ಪ್ರತಿಗಳು ಬೇರೆ ದೇಶಗಳನ್ನು ಸೇರಿಬಿಟ್ಟಿದ್ದವು. ನಾವಿಂದು ನೋಡುತ್ತಿರುವುದು ಹಾಗೆ ತಪ್ಪಿಸಿಕೊಂಡವುಗಳ ಸಂತಾನ.

ಆ ಮೂಕಿ ಚಿತ್ರ ತೆಗೆದ ಕಂಪನಿಯ ಹೆಸರು ‘ಪ್ರಾಣ ಫಿಲ್ಮ್’. ಹೌದು, ನಮ್ಮ ಪ್ರಾಣವೇ. ನಿರ್ಮಾಪಕ ಆಲ್ಬಿನ್ ಗ್ರಾವ್ ಅವರಿಗೆ ಗೂಢವಿದ್ಯೆಯ ಹುಚ್ಚು. ಒಂದೇ ಸಿನಿಮಾಕ್ಕೆ ಕಂಪನಿಯ ಪ್ರಾಣ ಹೋಯಿತು.

ಸೂರ್ಯನ ಬೆಳಕು ಬಿದ್ದರೆ ವ್ಯಾಂಪೈರ್ ಸಾಯುತ್ತದೆ ಎಂಬುದು ಹಳೆಯ ಕಾಲದ ನಂಬಿಕೆ ಅಂದುಕೊಂಡಿದ್ದೀರಾ? ಸ್ಟೋಕರ್ ಡ್ರಾಕುಲಾ ಹಾಡಹಗಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಬೆಳಕಿಗೆ ಸಾಯುವ ಏರ್ಪಾಡು ಮುರ್ನಾವ್ ಚಿತ್ರದ್ದು. ಆಮೇಲೆ ಬಂದ ಎಷ್ಟೋ ಸಿನಿಮಾಗಳು ಅದನ್ನೇ ಹಿಡಿದುಕೊಂಡವು.

ಹರ್ಜೋಗ್ ಕಾಲಕ್ಕೆ ಕಾದಂಬರಿಯ ಹಕ್ಕಿನ ಅವಧಿ ಮುಗಿದಿತ್ತು. ಹಾಗಾಗಿ ಓರ್ಲಾಕ್ ಮತ್ತೆ ಡ್ರಾಕುಲಾ ಆದ. ಆದರೆ ಕಾದಂಬರಿಯಲ್ಲಿ, ಡ್ರಾಕುಲಾ ಕೋಟೆಗೆ ಹೋಗುವ ಜೊನಾಥನ್‌ನ ಹೆಂಡತಿ ಮೀನಾ, ಅವಳ ಗೆಳತಿ ಲೂಸಿ. ಇಲ್ಲಿ ಲೂಸಿಯೇ ಹೆಂಡತಿ.

ಚಿತ್ರದ ಮೊದಲ ದೃಶ್ಯದಲ್ಲಿ ಬಾಯಿ ತೆರೆದುಕೊಂಡು ಸಾಲಾಗಿ ನಿಂತ ಹೆಣಗಳಿವೆಯಲ್ಲ, ಅವು ಕಲಾ ನಿರ್ದೇಶಕರು ಮಾಡಿಸಿದ ಬೊಂಬೆಗಳಲ್ಲ. ಮೆಕ್ಸಿಕೊದ ಗ್ವಾನಹ್ವಾತೊ ಊರಿನ ನಿಜವಾದ ಮಮ್ಮಿಗಳು. 1833ರಲ್ಲಿ ಅಲ್ಲಿ ಕಾಲರಾ ಬಡಿದಿತ್ತು. ಗೋರಿಯನ್ನು ಶಾಶ್ವತವಾಗಿ ಉಳಿಸಿಕೊಳ್ಳಬೇಕೆಂದರೆ ಮನೆಯವರು ತೆರಿಗೆ ಕಟ್ಟಬೇಕೆಂಬ ನಿಯಮ ಬಂದಾಗ, ಕಟ್ಟಲಾಗದವರ ಹೆಣಗಳನ್ನು 1865ರಿಂದ ಹೊರತೆಗೆಯತೊಡಗಿದರು. ನೋಡಿದರೆ ಕೆಲವು ಕೊಳೆತೇ ಇರಲಿಲ್ಲ, ಒಣಗಿ ಹಾಗೇ ಉಳಿದಿದ್ದವು. ಹರ್ಜೋಗ್ ಅವನ್ನು ಗಾಜಿನ ಪೆಟ್ಟಿಗೆಗಳಿಂದ ಹೊರತೆಗೆಸಿ, ಗೋಡೆಗೆ ಒರಗಿಸಿ, ಮಕ್ಕಳಿಂದ ಮುದುಕರವರೆಗೆ ವಯಸ್ಸಿನ ಪ್ರಕಾರ ನಿಲ್ಲಿಸಿದರು. ಕ್ಯಾಮೆರಾ ಆ ಸಾಲಿನುದ್ದಕ್ಕೂ ಅವಸರವಿಲ್ಲದೆ ಸಾಗುತ್ತದೆ. ಧುತ್ತೆಂದು ಎದುರಿಗೆ ಬಂದು ಬೆಚ್ಚಿಬೀಳಿಸುವ ದೆವ್ವಗಳಿಗೆ ಈ ಚಿತ್ರದಲ್ಲಿ ಕೆಲಸವೇ ಇಲ್ಲ. ನಿಜವಾದ ವಸ್ತುವನ್ನು ಎದುರಿಗಿಟ್ಟು ಸಾಕಷ್ಟು ಹೊತ್ತು ನೋಡಿಸುವುದೇ ಹರ್ಜೋಗ್ ಮಾಡುವ ಮಾಟ.

ಇನ್ನು ಇಲಿಗಳ ಕಥೆ. ಇದು ಅಷ್ಟು ಸೊಗಸಾದದ್ದಲ್ಲ.

ಡ್ರಾಕುಲಾ ಬಂದಿಳಿಯುವ ಊರಿಗೆ ಅವನ ಹಿಂದೆಯೇ ಪ್ಲೇಗು ಬರಬೇಕು. ಅದಕ್ಕಾಗಿ ಹಂಗೇರಿಯಿಂದ 11,000 ಇಲಿ ತರಿಸಿದರು. ಬಂದವು ಪ್ರಯೋಗಾಲಯದ ಬಿಳಿ ಇಲಿಗಳು, ಹರ್ಜೋಗ್‌ಗೆ ಬೇಕಾದದ್ದು ಬೂದು ಬಣ್ಣದವು. ಸರಿ, ಬಣ್ಣ ಹಾಕಿ ಎಂದರು. ಇಲಿಗಳ ಉಸ್ತುವಾರಿಗೆ ಕರೆಸಿದ್ದ ಡಚ್ ಜೀವವಿಜ್ಞಾನಿ, ಕಾದಂಬರಿಕಾರ ಮಾರ್ತನ್ ಟ್ ಹಾರ್ಟ್ ಕೆಲಸವನ್ನೇ ಬಿಟ್ಟು ಹೋದರು. ಸಾಗಣೆಯ ಅವ್ಯವಸ್ಥೆಯಿಂದ ಇಲಿಗಳು ದಾರಿಯಲ್ಲೇ ಒಂದನ್ನೊಂದು ತಿನ್ನತೊಡಗಿದ್ದವು, ಬಣ್ಣಕ್ಕಾಗಿ ಪಂಜರ ಸಮೇತ ಕುದಿಯುವ ನೀರಿಗೆ ಅದ್ದಿದಾಗ ಇನ್ನೂ ಎಷ್ಟೋ ಸತ್ತವು ಎಂಬುದು ಅವರ ಆರೋಪ. ಬದುಕಿದವು ಮೈ ನೆಕ್ಕಿ ನೆಕ್ಕಿ ಬಣ್ಣ ತೆಗೆದುಕೊಂಡವಂತೆ. ಪರದೆಯ ಮೇಲೆ ಆ ದೃಶ್ಯ ಎಷ್ಟೇ ಅದ್ಭುತವಾಗಿರಲಿ, ಇದನ್ನು ತಿಳಿದ ಮೇಲೆ ಮೆಚ್ಚುಗೆ ಗಂಟಲಲ್ಲೇ ನಿಲ್ಲುತ್ತದೆ.

ಹೆಚ್ಚಿನ ಚಿತ್ರೀಕರಣ ನಡೆದ ಡೆಲ್ಫ್ಟ್ ಊರಿನವರು ಇಲಿ ಬಿಡಲು ಸುತರಾಂ ಒಪ್ಪಲಿಲ್ಲ. ಆ ದೃಶ್ಯಗಳನ್ನು ಪಕ್ಕದ ಸ್ಖೀಡಾಮ್ ಊರಿನಲ್ಲಿ ತೆಗೆದರು.

ಕಥೆ ನಡೆಯುವ ವಿಸ್ಮಾರ್ ಆಗ ಪೂರ್ವ ಜರ್ಮನಿಯಲ್ಲಿತ್ತು. ಪರದೆಯ ಮೇಲೆ ಕಾಣುವ ಕಾಲುವೆ, ಚೌಕಗಳೆಲ್ಲ ನೆದರ್‌ಲೆಂಡ್ಸ್‌ನವು. ಡ್ರಾಕುಲಾ ಕೋಟೆ ಇರುವುದು ಟ್ರಾನ್ಸಿಲ್ವೇನಿಯಾದಲ್ಲಲ್ಲ, ಮೊರಾವಿಯಾದ ಪರ್ನ್‌ಷ್ಟೈನ್‌ನಲ್ಲಿ. ಲ್ಯೂಬೆಕ್‌ನ ಹಳೆಯ ಉಪ್ಪಿನ ಉಗ್ರಾಣಗಳನ್ನು ಮಾತ್ರ ಹರ್ಜೋಗ್ ಬಿಡಲಿಲ್ಲ. 1922ರಲ್ಲಿ ಮುರ್ನಾವ್ ಕ್ಯಾಮೆರಾ ಇಟ್ಟಿದ್ದೂ ಅವುಗಳ ಮುಂದೆಯೇ.

ಇಷ್ಟೆಲ್ಲ ಮಾಡಿದ ತಂಡದಲ್ಲಿ ಇದ್ದವರು ಹದಿನಾರೇ ಮಂದಿ!

ಡ್ರಾಕುಲಾ ಆದವರು ಕ್ಲೌಸ್ ಕಿನ್ಸ್ಕಿ. ಸೆಟ್‌ನಲ್ಲಿ ಕಿರುಚಾಡುವುದಕ್ಕೆ ಹೆಸರಾದ ನಟ. ಅಂಥವರು ದಿನಕ್ಕೆ ನಾಲ್ಕು ಗಂಟೆ ಜಪಾನಿನ ಮೇಕಪ್ ಕಲಾವಿದೆ ರೇಕೊ ಕ್ರುಕ್ ಮುಂದೆ ತೆಪ್ಪಗೆ ಕೂರುತ್ತಿದ್ದರು. ಲ್ಯಾಟೆಕ್ಸ್ ಕಿವಿಗಳು ಬಿಚ್ಚುವಾಗ ಹಾಳಾಗುತ್ತಿದ್ದುದರಿಂದ ಪ್ರತಿದಿನವೂ ಹೊಸ ಕಿವಿ. ಹಲ್ಲುಗಳನ್ನೂ ಗಮನಿಸಿ: ಕ್ರಿಸ್ಟೋಫರ್ ಲೀ ಡ್ರಾಕುಲಾಗೆ ಬದಿಯ ಕೋರೆಹಲ್ಲು, ಇವನಿಗೆ ಇಲಿಯ ಹಾಗೆ ಮುಂದಿನ ಎರಡು ಹಲ್ಲು.

ಊಟದ ದೃಶ್ಯವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬ್ರೂನೊ ಗಾಂಜ್ ಮಾಡಿದ ಜೊನಾಥನ್ ಬ್ರೆಡ್ ಕೊಯ್ಯುವಾಗ ಹೆಬ್ಬೆರಳು ಕೊಯ್ದುಕೊಳ್ಳುತ್ತಾನೆ. ಡ್ರಾಕುಲಾ ತಕ್ಷಣ ಮೇಲೆ ಬೀಳುವುದಿಲ್ಲ. ಚಾಕು ಹಳೆಯದು, ಗಲೀಜು, ನಂಜಾದೀತು ಎಂದು ಮನೆಯ ಹಿರಿಯರಂತೆ ಕಾಳಜಿ ಮಾಡುತ್ತಾನೆ. ಆಮೇಲೆ ತಡೆಯಲಾಗದೆ ಬೆರಳಿಗೆ ಬಾಯಿ ಹಾಕುತ್ತಾನೆ. ಅವನ ಮುಖದಲ್ಲಿ ಕ್ರೌರ್ಯಕ್ಕಿಂತ ನಾಚಿಕೆಯೇ ಹೆಚ್ಚು. ಸಾಯಲೂ ಆಗದ, ಯಾರ ಪ್ರೀತಿಯೂ ಸಿಗದ ಪ್ರಾಣಿ ಅದು. ನನ್ನ ಮಟ್ಟಿಗೆ ಸಿನಿಮಾ ಕಂಡ ಡ್ರಾಕುಲಾಗಳಲ್ಲಿ ಇವನಷ್ಟು ಪಾಪದವನು ಇನ್ನೊಬ್ಬನಿಲ್ಲ.

ಲೂಸಿಯಾದ ಇಸಬೆಲ್ ಅಜಾನಿ ಕನ್ನಡಿ ಮುಂದೆ ಕೂತ ದೃಶ್ಯದಲ್ಲಿ ಬಾಗಿಲು ತೆರೆಯುತ್ತದೆ, ನೆರಳು ಒಳಗೆ ಬರುತ್ತದೆ, ಕನ್ನಡಿಯಲ್ಲಿ ಆಸಾಮಿ ಮಾತ್ರ ಕಾಣುವುದಿಲ್ಲ.

ಹಿನ್ನೆಲೆ ಸಂಗೀತ ‘ಪೊಪೋಲ್ ವು’ ಎಂಬ ಜರ್ಮನ್ ತಂಡದ್ದು. ಗಮನವಿಟ್ಟು ಕೇಳಿದರೆ ಸಿತಾರ್ ಸಿಗುತ್ತದೆ, ತಂಬೂರಿ ಶ್ರುತಿಯೂ. ಪ್ಲೇಗು ಬಡಿದ ಊರಿನ ಚೌಕದಲ್ಲಿ ಕೇಳುವುದು ಜಾರ್ಜಿಯಾದ ಜನಪದ ಹಾಡು. ಜೊನಾಥನ್ ಬೆಟ್ಟ ಹತ್ತುವಾಗ ವಾಗ್ನರ್.

ಸಿನಿಮಾವನ್ನು ಒಂದೇ ಸೆಟ್‌ನಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ತೆಗೆದರು. ಇಂಗ್ಲಿಷ್ ಬೇಕೆಂದದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್. ಎರಡರಲ್ಲಿ ಒಂದನ್ನೇ ನೋಡುವುದಾದರೆ ಜರ್ಮನ್ ನೋಡಿ. ಹರ್ಜೋಗ್ ಒಲವೂ ಅದಕ್ಕೇ.

ಇದೆಲ್ಲ ಯಾಕೆ ಮಾಡಿದರು? ಹರ್ಜೋಗ್ ಹುಟ್ಟಿದ್ದು 1942ರಲ್ಲಿ. ನಾಜಿ ಕಾಲದ ಅಪ್ಪಂದಿರ ಸಿನಿಮಾ ಅವರ ಪೀಳಿಗೆಗೆ ಬೇಡವಾಗಿತ್ತು, ಹಾಗಾಗಿ ನೇರ ಅಜ್ಜಂದಿರ ಬಳಿಗೆ ಹೋದರು. ಜರ್ಮನಿಯ ಅತ್ಯುತ್ತಮ ಚಿತ್ರ ಮುರ್ನಾವ್ ಅವರ ‘ನೊಸ್ಫೆರಾಟು’ ಎಂಬುದು ಅವರ ಖಚಿತ ಅಭಿಪ್ರಾಯ. ಆ ಅಜ್ಜಂದಿರನ್ನು ಬಲ್ಲ, ಮುರ್ನಾವ್ ಬಗ್ಗೆ ಪುಸ್ತಕ ಬರೆದ ವಿಮರ್ಶಕಿ ಲೊಟ್ಟೆ ಐಸ್ನರ್ ಪ್ಯಾರಿಸ್‌ನಲ್ಲಿ ಹಾಸಿಗೆ ಹಿಡಿದಾಗ, 1974ರ ಚಳಿಗಾಲದಲ್ಲಿ ಹರ್ಜೋಗ್ ಮ್ಯೂನಿಕ್‌ನಿಂದ ಅಲ್ಲಿಗೆ ನಡೆದೇ ಹೋಗಿದ್ದರು. ತಾನು ನಡೆದು ತಲುಪಿದರೆ ಅವರು ಸಾಯುವುದಿಲ್ಲ ಎಂಬ ಹರಕೆ! ಆಕೆ 1983ರವರೆಗೆ ಬದುಕಿದ್ದರು.

ಅಂದಹಾಗೆ, ಮುರ್ನಾವ್ ಅವರ ತಲೆಬುರುಡೆಯನ್ನು 2015ರಲ್ಲಿ ಬರ್ಲಿನ್ ಬಳಿಯ ಸಮಾಧಿಯಿಂದ ಯಾರೋ ಕದ್ದೊಯ್ದರು.

1979ರ ಬರ್ಲಿನ್ ಚಿತ್ರೋತ್ಸವದಲ್ಲಿ ಹರ್ಜೋಗ್ ಚಿತ್ರದ ಕಲಾ ವಿನ್ಯಾಸಕ್ಕೆ ಹೆನ್ನಿಂಗ್ ಫಾನ್ ಗೀರ್ಕೆ ಅವರಿಗೆ ಬೆಳ್ಳಿ ಕರಡಿ ಬಂತು. ಹರ್ಜೋಗ್ ಮಾತ್ರ ದಣಿದಿರಲಿಲ್ಲ. ಈ ಚಿತ್ರೀಕರಣ ಮುಗಿದ ಐದೇ ದಿನಕ್ಕೆ ಅದೇ ತಂಡ, ಅದೇ ಕಿನ್ಸ್ಕಿಯೊಂದಿಗೆ ‘ವಾಯ್ಟ್ಸೆಕ್’ ಶುರುಮಾಡಿ 18 ದಿನದಲ್ಲಿ ಮುಗಿಸಿದರು.

2024ರಲ್ಲಿ ರಾಬರ್ಟ್ ಎಗ್ಗರ್ಸ್ ಇದೇ ಕಥೆಯನ್ನು ಮತ್ತೆ ತೆಗೆದರು. ಬಿಲ್ ಸ್ಕಾರ್ಸ್‌ಗಾರ್ಡ್ ಅವರ ಓರ್ಲಾಕ್‌ಗೆ ಈ ಸಲ ದಪ್ಪ ಮೀಸೆ. ನಾಲ್ಕು ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಒಂದೂ ಇಲ್ಲ. ಅದರಲ್ಲಿ ಪಿಶಾಚಿ ಬೇಟೆಗೆ ಇಳಿಯುವ ಪ್ರೊಫೆಸರ್ ವಿಲೆಮ್ ಡಫೊ. ಇದೇ ಡಫೊ 2000ದ ‘ಶ್ಯಾಡೋ ಆಫ್ ದಿ ವ್ಯಾಂಪೈರ್’ನಲ್ಲಿ ಮೂಲ ಓರ್ಲಾಕ್ ನಟ ಮ್ಯಾಕ್ಸ್ ಶ್ರೆಕ್ ಆಗಿ, ನಿಜವಾದ ಪಿಶಾಚಿಯಾಗಿಯೇ, ಕಾಣಿಸಿಕೊಂಡಿದ್ದರು.

ಕಿನ್ಸ್ಕಿ ಕೂಡ ಪಿಶಾಚಿಯ ಪಾತ್ರಕ್ಕೆ ಮರಳಿದರು. 1988ರ ಇಟಲಿ ಚಿತ್ರ ‘ನೊಸ್ಫೆರಾಟು ಇನ್ ವೆನಿಸ್’ಗೆ ಅವರನ್ನು ಕರೆದಾಗ, ತಲೆ ಬೋಳಿಸುವುದಿಲ್ಲ, ಹಳೆಯ ಮೇಕಪ್ಪೂ ಹಚ್ಚುವುದಿಲ್ಲ ಎಂದು ಹಟ ಹಿಡಿದರು. ನಿರ್ಮಾಪಕರು ಬಗ್ಗಲೇಬೇಕಾಯಿತು. ಆ ಚಿತ್ರದ ನೊಸ್ಫೆರಾಟು ಭುಜದವರೆಗೆ ಕೂದಲು ಇಳಿಬಿಟ್ಟುಕೊಂಡು ವೆನಿಸ್ ಸುತ್ತುತ್ತಾನೆ.