ಮೀನಿನ ಪೆಟ್ಟಿಗೆ ತೋಯಿಸಿದ ಬೀಜದ ಜೋಳ

ನಮ್ಮದು ಗದಗ ಕಡೆಯ ಎರಿ ಹೊಲ, ಮಳೆ ನಂಬಿದ ಬೇಸಾಯ. ಮನೆಯೊಳಗೆ ನೀರಿನಿಂದ ನಷ್ಟವಾದೀತೆಂದು ಎಣಿಸಿರಲಿಲ್ಲ.

ಹೋದ ವರ್ಷ ಮೊಮ್ಮಗನ ಹಟಕ್ಕೆ ಮಗ ಗಾಜಿನ ಮೀನಿನ ಪೆಟ್ಟಿಗೆ ತಂದ. ಪಡಸಾಲೆಯಾಗ ಮೇಜಿನ ಮೇಲೆ ಇಟ್ಟೆವು. ಗಾಳಿ ಊದುವ ಸಣ್ಣ ಮೋಟಾರು ಕೆಳಗೆ ನೆಲದ ಮೇಲಿತ್ತು. ಒಂದು ರಾತ್ರಿ ಕರೆಂಟು ಹೋಯಿತು. ಬೆಳಗ್ಗೆ ನೋಡಿದರೆ ಪೆಟ್ಟಿಗೆ ಮುಕ್ಕಾಲು ಖಾಲಿ! ಸಾರಿಸಿದ ಮಣ್ಣಿನ ನೆಲ ಕೆಸರಾಗಿ ಮೇಜಿನ ಒಂದು ಕಾಲು ಹೂತಿತ್ತು. ನೆಲ ಮೇಲೆ ಒಣಗಿತೆಂದು ಸುಮ್ಮನಾದೆವು. ಮೂರನೆಯ ದಿನ ಗೋಡೆಗೆ ಆನಿಸಿದ್ದ ಚೀಲ ಎತ್ತಿದರೆ, ಹಿಂಗಾರಿಗೆ ಇಟ್ಟ ಬೀಜದ ಜೋಳ ಬುಡದಲ್ಲಿ ಮೊಳಕೆಯೊಡೆದಿತ್ತು. ಬಿತ್ತನೆಗೆ ಬೀಜ ಕೊಂಡು ತರಬೇಕಾಯಿತು.

ಕಾರಣ ಇಷ್ಟೇ. ಗಾಳಿ ನಿಂತ ಕೂಡಲೆ ನೀರು ಅದೇ ನಳಿಕೆಯಲ್ಲಿ ಹಿಂದಕ್ಕೆ ಇಳಿಯುತ್ತದೆ. ಡ್ರಮ್ಮಿನಿಂದ ಪೈಪು ಹಚ್ಚಿ ಡೀಸೆಲ್ ಇಳಿಸುತ್ತೇವಲ್ಲ, ಹಾಗೆ.

ಈಗ ಮೋಟಾರನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೂಡಿನಲ್ಲಿಟ್ಟಿದ್ದೇವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ ತುಂಬಿದರೆ ನೀರೇ ಸುಮಾರು 56 ಕಿಲೋ. ಅದಕ್ಕೇ ಮೇಜಿನ ಕಾಲಿನಡಿ ಮಟ್ಟಸವಾಗಿ ಕಲ್ಲು ಕೂರಿಸಿದೆವು. ಪೆಟ್ಟಿಗೆಯಡಿ ಅಂಚಿರುವ ತಗಡಿನ ತಟ್ಟೆ ಇದೆ. ಸಂದಿನಲ್ಲಿ ಜಿನುಗಿದರೆ ಅಲ್ಲೇ ಕಾಣುತ್ತದೆ. ನೀರು ಬದಲಿಸುವಾಗ ಪೈಪಿನ ತುದಿಯನ್ನು ಬಕೀಟಿಗೆ ಕಟ್ಟುತ್ತೇವೆ. ಆ ನೀರು ಕರಿಬೇವಿನ ಬುಡಕ್ಕೆ.

ನೆಲ ತೊಯ್ದಿದ್ದರೆ ಮೊದಲು ಮೇನ್ ಸ್ವಿಚ್ ತೆಗೆದು, ಆಮೇಲೆ ಮೋಟಾರು ಮುಟ್ಟಿರಿ. ಕೂಡಲೆ ಚೀಲಗಳನ್ನೂ ಎತ್ತಿ ನೋಡಿರಿ. ಬೀಜದ ಚೀಲ ಮಾತ್ರ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ನೆಲವನ್ನು ಮತ್ತೆ ಸಾರಿಸಬಹುದು, ಮೊಳೆತ ಕಾಳನ್ನು ಬಿತ್ತಲಾಗದು.