ಅಚ್ಚು ಒಂದು, ಬಳಕೆ ಹಲವು

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕೊಂಕಣ ರೈಲು ಮಾರ್ಗದ ನಿಲ್ದಾಣಗಳು. ಇವುಗಳ ವೇಳಾಪಟ್ಟಿ ತೋರಿಸುವ ಮೂರು ವೆಬ್ ಪುಟಗಳನ್ನು ವಿದ್ಯಾರ್ಥಿಯೊಬ್ಬ ರಚಿಸುತ್ತಾನೆ ಎಂದಿಟ್ಟುಕೊಳ್ಳೋಣ. ರೈಲುಗಳ ವಿವರವೆಲ್ಲ ಡೇಟಾಬೇಸ್‌ನಲ್ಲಿದೆ. ಅದನ್ನು ತೆರೆದು ಮಾಹಿತಿ ಹೆಕ್ಕುವ ಸಾಲುಗಳನ್ನು ಆತ ಪ್ರತಿ ಪುಟದಲ್ಲೂ ನಕಲು ಮಾಡಿದರೆ, ಡೇಟಾಬೇಸ್‌ನ ಪಾಸ್‌ವರ್ಡ್ ಬದಲಾದಾಗ ಮೂರೂ ಕಡೆ ತಿದ್ದಬೇಕು. ಕುಮಟಾದ ಪುಟ ಮರೆತರೆ ಅಲ್ಲಿನ ವೇಳಾಪಟ್ಟಿ ಮಾಯ!

ಇದಕ್ಕೆ ಪರಿಹಾರ ‘ಕ್ಲಾಸ್’. ಇದು ಶಾಲೆಯ ತರಗತಿಯಲ್ಲ, ಒಂದು ಅಚ್ಚು. ಅಚ್ಚು ಒಂದೇ ಆದರೂ ಚಕ್ಕುಲಿ ಬೇಕಾದಷ್ಟು. ಹಾಗೆ ಮೂಡಿದ ಪ್ರತಿಯೊಂದೂ ‘ಆಬ್ಜೆಕ್ಟ್’. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ರೂಪಿಸಿದ ಸಿಮುಲಾ ಭಾಷೆ ಈ ಕಲ್ಪನೆಯ ತವರು. ವೆಬ್ ಪುಟಗಳಿಗೆಂದೇ 1995ರಲ್ಲಿ ಬಂದ ಪಿಎಚ್‌ಪಿಯಲ್ಲಿ ಇದು ಬಲಗೊಂಡದ್ದು 2004ರ ಐದನೇ ಆವೃತ್ತಿಯಲ್ಲಿ.

ಡೇಟಾಬೇಸ್ ಕೆಲಸವನ್ನೆಲ್ಲ ಒಂದೇ ಕ್ಲಾಸಿಗೆ ವಹಿಸಿದರೆ ತಿದ್ದುಪಡಿ ಒಂದೇ ಕಡೆ. ರಕ್ಷಣೆಯೂ ಸುಲಭ. ನೋಡುಗರು ಟೈಪ್ ಮಾಡಿದ್ದನ್ನು ನೇರವಾಗಿ ಆಜ್ಞೆಗೆ ಜೋಡಿಸಿದರೆ ಕಿಡಿಗೇಡಿಗಳು ಅಲ್ಲಿ ತಮ್ಮದೇ ಆಜ್ಞೆ ತೂರಿಸಬಲ್ಲರು. ಆದ್ದರಿಂದ ಆಜ್ಞೆಯನ್ನು ಖಾಲಿ ಜಾಗ ಬಿಟ್ಟು ಮೊದಲೇ ಸಿದ್ಧಪಡಿಸಿ, ಮಾಹಿತಿಯನ್ನು ಆಮೇಲೆ ತುಂಬಬೇಕು. ಈ ಎಚ್ಚರ ಕ್ಲಾಸಿನಲ್ಲಿದ್ದರೆ ಎಲ್ಲ ಪುಟಗಳಿಗೂ ಕಾವಲು.

ಆದರೆ ಅಚ್ಚು ಸೊಟ್ಟಗಿದ್ದರೆ ಚಕ್ಕುಲಿಯೆಲ್ಲ ಸೊಟ್ಟ! ಯಾರೋ ಬರೆದ ಕ್ಲಾಸನ್ನು ಅರ್ಥವಾಗದೆ ಪ್ರಾಜೆಕ್ಟಿಗೆ ಅಂಟಿಸಿದವರು ಮೌಖಿಕ ಪರೀಕ್ಷೆಯಲ್ಲಿ ತಡವರಿಸುತ್ತಾರೆ. ನೌಕರಿಯಲ್ಲಂತೂ ಕಷ್ಟ ಇನ್ನೂ ಹೆಚ್ಚು. ವಿದ್ಯಾರ್ಥಿಗಳು ಮೊದಲು ಐವತ್ತು ಸಾಲಿನ ಪುಟ್ಟ ಕ್ಲಾಸನ್ನು ತಾವೇ ಬರೆಯಲಿ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎರಡೂ ಉಚಿತವಾಗಿ ಸಿಗುತ್ತವೆ. ಸಾಧಾರಣ ಕಂಪ್ಯೂಟರ್ ಸಾಕು. ಮಕ್ಕಳು ಎಷ್ಟು ಭಾಷೆ ಕಲಿತರೆಂದು ಪಾಲಕರು ಲೆಕ್ಕ ಹಾಕುವ ಬದಲು, ‘ಈ ಸಾಲು ಏನು ಮಾಡುತ್ತದೆ?’ ಎಂದು ಕೇಳಿದರೆ ಕಲಿಕೆಯ ಆಳ ತಿಳಿದೀತು.